ಬೃಹನ್ನೌಕೆಯಿಂದ ಬಾಹ್ಯಾಕಾಶ ನೌಕೆಗೆ: ಹಲವರು ಕೂಡಿ ಆಡುವ ಕದನದಾಟ

ಮೇಜಿನ ಮೇಲೆ ಹಾಸಿದ ಕಪ್ಪು ಬಟ್ಟೆಯನ್ನು ಅಂತರಿಕ್ಷವೆಂದು ಭಾವಿಸಿ, ಬೆರಳುದ್ದದ ನೌಕೆಗಳನ್ನು ಅಳತೆಪಟ್ಟಿ ಹಿಡಿದು ನಡೆಸುತ್ತ, ಎದುರಾಳಿಯ ನೌಕೆ ಎಟುಕಿನೊಳಗೆ ಬಂದಾಗ ದಾಳ ಹಾಕಿ ಹೊಡೆತದ ಫಲವನ್ನು ತಿಳಿಯುವ ಆಟವನ್ನು ಕಿರುಮಾದರಿಗಳ ಕದನದಾಟ ಎನ್ನಬಹುದು. ಚದುರಂಗದ ಹಲಗೆಯಲ್ಲಿರುವಂತೆ ಇಲ್ಲಿ ಗೆರೆ ಎಳೆದ ಮನೆಗಳಿಲ್ಲ. ನೌಕೆ ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ವೇಗದಲ್ಲಿದೆ, ಶತ್ರುವಿನಿಂದ ಎಷ್ಟು ಅಂಗುಲ ದೂರದಲ್ಲಿದೆ ಎಂಬುದೇ ಆಟದ ಸ್ಥಿತಿಯನ್ನು ಹೇಳುತ್ತದೆ. ಇಬ್ಬರು ಸಮಬಲರು ಎದುರುಬದುರು ಕುಳಿತು ಆಡುವುದಾದರೆ ನಿಯಮಪುಸ್ತಕವೊಂದೇ ಸಾಕು. ಆದರೆ ಆರೆಂಟು ಮಂದಿ, ಅದರಲ್ಲಿಯೂ ವಯಸ್ಸು, ಭಾಷೆ, ಪಳಗಿದ ಮಟ್ಟ, ಆಟದಿಂದ ಬಯಸುವ ಸುಖ ಇವೆಲ್ಲ ಬೇರೆಬೇರೆಯಾದವರು ಒಂದೇ ಮೇಜಿಗೆ ಬಂದಾಗ ಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆಗಳು ತಲೆ ಎತ್ತುತ್ತವೆ: ತನ್ನ ಸರದಿಗಾಗಿ ಯಾರು ಎಷ್ಟು ಹೊತ್ತು ಕಾಯಬೇಕು, ಒಬ್ಬರ ನೌಕೆಯ ಮೇಲೆ ಇನ್ನೊಬ್ಬರ ಮಾತು ಎಷ್ಟರಮಟ್ಟಿಗೆ ನಡೆಯಬೇಕು, ನೌಕೆ ಕಳೆದುಕೊಂಡವರು ಉಳಿದ ಹೊತ್ತನ್ನು ಹೇಗೆ ಕಳೆಯಬೇಕು. ಹಲವರ ಕದನದಾಟ ನಿಲ್ಲುವುದೂ ಕೆಡುವುದೂ ಈ ಮೂರರ ಮೇಲೆ. ನೌಕೆಗಳ ಸೊಗಸು, ಆಯುಧಗಳ ವೈವಿಧ್ಯ, ಭೌತವಿಜ್ಞಾನದ ನಿಖರತೆ ಇವೆಲ್ಲ ಆಮೇಲಿನ ಮಾತು.

ಇಲ್ಲಿ ಮನಸ್ಸಿನಲ್ಲಿರುವುದು ಕೋಲ್ಕತ್ತದ ಸಿಯಾಲ್ದಾದಲ್ಲಿ ಸೇರುವ ಇಂಥ ಕೂಟ, ಬಂಗಾಳಕ್ಕೆ ಈ ಪ್ರಶ್ನೆಗಳು ಹೊಸವಲ್ಲ. ಕಲ್ಕತ್ತೆಯಲ್ಲಿ 1784ರಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಕಟ್ಟಿದ ಸರ್ ವಿಲಿಯಂ ಜೋನ್ಸ್, ಆ ಸಂಸ್ಥೆಯ ‘ಏಷಿಯಾಟಿಕ್ ರಿಸರ್ಚಸ್’ ಸಂಪುಟಗಳ ಎರಡನೆಯದರಲ್ಲಿ, 1790ರಲ್ಲಿ, ಭಾರತೀಯ ಚದುರಂಗದ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ರಾಧಾಕಾಂತ ಶರ್ಮರೆಂಬ ಪಂಡಿತರು ಭವಿಷ್ಯಪುರಾಣದ್ದೆಂದು ಹೇಳಿ ಅವರಿಗೆ ಒದಗಿಸಿದ ಶ್ಲೋಕಗಳಲ್ಲಿ, ವ್ಯಾಸರು ಯುಧಿಷ್ಠಿರನಿಗೆ ನಾಲ್ವರು ಆಡುವ ಚದುರಂಗದ ಕ್ರಮವನ್ನು ವಿವರಿಸುತ್ತಾರೆ. ಇದೇ ಪ್ರಸಂಗ ನವದ್ವೀಪದ ಧರ್ಮಶಾಸ್ತ್ರಕಾರ ರಘುನಂದನರ ಹದಿನಾರನೆಯ ಶತಮಾನದ ‘ತಿಥಿತತ್ತ್ವ’ದಲ್ಲಿಯೂ ಬರುತ್ತದೆ, ಅಲ್ಲಿ ಅದು ಕೋಜಾಗರ ಹುಣ್ಣಿಮೆಯ ರಾತ್ರಿ ನಿದ್ದೆಗೆಟ್ಟು ಆಡಬೇಕಾದ ಆಟಗಳ ಸಂದರ್ಭದಲ್ಲಿದೆ. ಎಂಟೆಂಟು ಮನೆಗಳ ಹಲಗೆಯ ನಾಲ್ಕು ಬದಿಗಳಲ್ಲಿ ಕೆಂಪು, ಹಸಿರು, ಹಳದಿ, ಕಪ್ಪು ಬಣ್ಣದ ನಾಲ್ಕು ಸೇನೆಗಳಿದ್ದು, ಒಂದೊಂದರಲ್ಲಿಯೂ ರಾಜ, ಆನೆ, ಕುದುರೆ, ನೌಕೆ ಮತ್ತು ನಾಲ್ಕು ಕಾಲಾಳುಗಳು ಇರುತ್ತವೆ. ದಾಳದಲ್ಲಿ ಐದು ಬಿದ್ದರೆ ರಾಜ ಅಥವಾ ಕಾಲಾಳು, ನಾಲ್ಕು ಬಿದ್ದರೆ ಆನೆ, ಮೂರಕ್ಕೆ ಕುದುರೆ, ಎರಡಕ್ಕೆ ನೌಕೆ ನಡೆಯಬೇಕು; ನೌಕೆಯ ನಡೆ ಓರೆಯಾಗಿ ಎರಡು ಮನೆ. ಚದುರಂಗದ ಕಾಯಿಗಳ ನಡುವೆ ಹಡಗಿಗೆ ಜಾಗ ಕೊಟ್ಟ ನಾಡು ನದಿಗಳ ನಾಡೇ ಆಗಿರುವುದು ಸಹಜವಾಗಿದೆ.

ಈ ಆಟದ ಪ್ರಾಚೀನತೆಯ ಕುರಿತು ನಡೆದ ವಾದ ದೊಡ್ಡದು. ಹೈರಮ್ ಕಾಕ್ಸ್ ಮತ್ತು ಆಮೇಲೆ ಡಂಕನ್ ಫೋರ್ಬ್ಸ್ (1860) ನಾಲ್ವರ ಚದುರಂಗವೇ ಇಬ್ಬರ ಚದುರಂಗಕ್ಕೆ ತಾಯಿಯೆಂದರು. ಹೆರಾಲ್ಡ್ ಮರ್ರೆ 1913ರ ತಮ್ಮ ಬೃಹದ್ಗ್ರಂಥದಲ್ಲಿ ಆ ಮತವನ್ನು ತಳ್ಳಿಹಾಕಿದರು, ವಿದ್ವಾಂಸರು ಬಹುಮಟ್ಟಿಗೆ ಮರ್ರೆಯವರ ಪಕ್ಷದಲ್ಲಿದ್ದಾರೆ. ಇಲ್ಲಿ ಮುಖ್ಯವಾದದ್ದು ಕಾಲನಿರ್ಣಯಕ್ಕಿಂತ ಆ ನಿಯಮಗಳನ್ನು ರೂಪಿಸಿದವರ ಆಟದ ವಿವೇಕ. ನಾಲ್ವರಲ್ಲಿ ಎದುರುಬದುರಿನ ಇಬ್ಬಿಬ್ಬರು ಮಿತ್ರರು. ಆದರೂ ಮಿತ್ರನ ಸಿಂಹಾಸನದ ಮನೆಯನ್ನು ತನ್ನ ರಾಜನಿಂದ ಏರಿದವನಿಗೆ ಎರಡೂ ಸೇನೆಗಳ ಅಧಿಕಾರ ಸಿಗುತ್ತದೆ. ಹಾಗಾಗಿ ಮೈತ್ರಿಯೊಳಗೇ ಸ್ವಂತದ ಆಸೆ ಉಳಿದಿರುತ್ತದೆ, ಯಾವ ಆಟಗಾರನೂ ಇನ್ನೊಬ್ಬನ ಬಾಲವಾಗುವುದಿಲ್ಲ. ಸೆರೆಸಿಕ್ಕ ರಾಜರನ್ನು ಪರಸ್ಪರ ಬದಲಿಸಿಕೊಂಡು ಬಿಡಿಸಿಕೊಳ್ಳುವ ಅವಕಾಶವಿದೆ, ಅದಕ್ಕೆ ನೃಪಾಕೃಷ್ಟವೆಂದು ಹೆಸರು. ರಾಜನನ್ನು ಕಳೆದುಕೊಂಡ ಪಕ್ಷ ಮತ್ತೆ ಆಟದೊಳಕ್ಕೆ ಬರಬಹುದು. ಒಬ್ಬನೇ ಉಳಿದ ಮೂವರು ರಾಜರನ್ನು ಹಿಡಿದರೆ ಅದು ಚತುರಾಜಿ. ಎಲ್ಲಕ್ಕಿಂತ ಸೊಗಸಾದ ನಿಯಮ ಬೃಹನ್ನೌಕೆಯದು: ಒಂದನ್ನೊಂದು ತಾಗಿದ ಮನೆಗಳಲ್ಲಿ ಮೂರು ನೌಕೆಗಳು ಸೇರಿ, ನಾಲ್ಕನೆಯ ನೌಕೆ ಬಂದು ಆ ಚೌಕವನ್ನು ಪೂರ್ತಿಗೊಳಿಸಿದರೆ, ಹಾಗೆ ಬಂದವನಿಗೆ ಉಳಿದ ಮೂರೂ ವಶವಾಗುತ್ತವೆ. ದುರ್ಬಲವಾದ ಕಾಯಿಯೊಂದಕ್ಕೆ, ಎಲ್ಲರ ನಡೆಗಳೂ ಕೂಡಿಬಂದಾಗ ಮಾತ್ರ ದಕ್ಕುವ ಮಹಾಫಲವನ್ನು ಇಟ್ಟಿರುವುದು ಹಲವರ ಆಟವನ್ನು ಒಳಗಿನಿಂದ ಬಲ್ಲವರ ಕೆಲಸ.

ಕನ್ನಡ ನಾಡಿಗೂ ಈ ಚಿಂತನೆ ಹೊರಗಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಚದುರಂಗಕ್ಕೆ ಪ್ರತ್ಯೇಕ ಸ್ಥಾನವಿದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳನ್ನು ಕಲ್ಪಿಸುವುದರಲ್ಲಿ ರಾಜಕಾರ್ಯದಷ್ಟೇ ಆಸ್ಥೆ ತೋರಿದವರು. ಮನೆಗಳ ಜಗಲಿಯಲ್ಲಿ ಅಜ್ಜಿಯೂ ಮೊಮ್ಮಗುವೂ ಸಮಸಮವಾಗಿ ಕುಳಿತು ಆಡುತ್ತಿದ್ದ ಚೌಕಾಬಾರ, ಭಿನ್ನ ವಯಸ್ಸಿನ ನಾಲ್ವರನ್ನು ಒಂದೇ ಆಟದಲ್ಲಿ ಹಿಡಿದಿಡುವ ಕಲೆಗೆ ಕನ್ನಡಿಗರಿಗೆ ಚಿರಪರಿಚಿತವಾದ ಮಾದರಿ. ಕವಡೆ ಮಗುವಿನ ಕೈಯಲ್ಲಿಯೂ ಅದೇ ಗರ ಬೀಳಿಸುತ್ತದೆ. ಬಿದ್ದ ಗರವನ್ನು ಯಾವ ಕಾಯಿಗೆ ಕೊಡಬೇಕೆಂಬಲ್ಲಿ ಮಾತ್ರ ಅನುಭವಕ್ಕೆ ಬೆಲೆ.

ಯುರೋಪಿನ ದಾರಿ ಬೇರೆ. ಪ್ರಷ್ಯದ ಸೈನ್ಯದಲ್ಲಿ 1824ರಲ್ಲಿ ಬಳಕೆಗೆ ಬಂದ ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧಾಭ್ಯಾಸದ ಆಟದಲ್ಲಿ ಆಟಗಾರರು ತಮ್ಮ ಆಜ್ಞೆಗಳನ್ನು ಬರೆದು ಅಂಪೈರ್‌ಗೆ ಕೊಡುತ್ತಿದ್ದರು, ಅವನು ಕೋಷ್ಟಕ ಮತ್ತು ದಾಳಗಳ ಸಹಾಯದಿಂದ ಫಲಿತಾಂಶ ಹೇಳುತ್ತಿದ್ದ. ಕೋಷ್ಟಕಗಳ ಭಾರ ಅತಿಯಾಗಿ ಆಟ ಕುಂಟತೊಡಗಿದಾಗ, ವೆರ್ದಿ ದ್ಯು ವೆರ್ನ್ವಾ ಎಂಬ ಸೇನಾಧಿಕಾರಿ 1876ರಲ್ಲಿ, ಅನುಭವಿಯಾದ ಅಂಪೈರ್ ತನ್ನ ವಿವೇಚನೆಯಿಂದಲೇ ತೀರ್ಪು ಕೊಟ್ಟರೆ ಸಾಕೆಂದು ವಾದಿಸಿದ. ಹಡಗುಗಳ ಕದನದಾಟವನ್ನು ಫ್ರೆಡ್ ಜೇನ್ 1898ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದರು. ಆದರೆ ಮಿಶ್ರಗುಂಪಿನ ದೃಷ್ಟಿಯಿಂದ ಹೆಚ್ಚು ಗಮನಿಸಬೇಕಾದವರು ನ್ಯೂಯಾರ್ಕಿನ ಫ್ಲೆಚರ್ ಪ್ರ್ಯಾಟ್. ಇತಿಹಾಸಕಾರರೂ ವಿಜ್ಞಾನಕಥೆಗಾರರೂ ಆಗಿದ್ದ ಅವರು ತಮ್ಮ ನೌಕಾ ಕದನದಾಟವನ್ನು 1940ರಲ್ಲಿ ಪುಸ್ತಕವಾಗಿ ಹೊರತಂದರು. ಅವರ ಆಟದಲ್ಲಿ ದಾಳವೇ ಇರಲಿಲ್ಲ. ನೆಲದ ಮೇಲೆ ಹರಡಿದ ಮರದ ಹಡಗುಗಳ ನಡುವಿನ ದೂರವನ್ನು ಕಣ್ಣಂದಾಜಿನಲ್ಲಿ ಅಂಗುಲಗಳಲ್ಲಿ ಬರೆದುಕೊಟ್ಟು, ಆಮೇಲೆ ಅಳೆದು, ಅಂದಾಜು ಸರಿಬಿದ್ದರೆ ಗುಂಡು ತಗುಲಿತೆಂದು ಎಣಿಸಲಾಗುತ್ತಿತ್ತು. ಈ ಆಟಗಳಿಗೆ ಲೇಖಕರು, ಅವರ ಸ್ನೇಹಿತರು, ಮನೆಯ ಹೆಂಗಸರು ಎಲ್ಲರೂ ಹಡಗಿನ ಕಪ್ತಾನರಾಗಿ ಬರುತ್ತಿದ್ದರು. ನೌಕಾಶಾಸ್ತ್ರವನ್ನೇ ಓದದವರಿಗೂ ಕಣ್ಣಂದಾಜು ಇರಬಹುದಾದ್ದರಿಂದ ಹೊಸಬರೂ ಪಳಗಿದವರೂ ಒಂದೇ ನೆಲದಲ್ಲಿ ನಿಲ್ಲುವುದು ಸಾಧ್ಯವಾಯಿತು.

ಸಿಯಾಲ್ದಾದ ಸುತ್ತಿನ ಕಲ್ಪನಾಲೋಕ

ಕೋಲ್ಕತ್ತದ ಸಿಯಾಲ್ದಾವನ್ನು ಹೊರಗಿನವರು ರೈಲು ನಿಲ್ದಾಣವೆಂದಷ್ಟೇ ಬಲ್ಲರು. ಈಸ್ಟರ್ನ್ ಬೆಂಗಾಲ್ ರೈಲ್ವೆಯ ರಾಣಾಘಾಟ್ ಮಾರ್ಗ 1862ರಲ್ಲಿ ತೆರೆದಾಗಿನಿಂದ ಪೂರ್ವ ಬಂಗಾಳದ ಪ್ರಯಾಣಿಕರ, 1947ರ ನಂತರ ನಿರಾಶ್ರಿತರ, ಈಗ ನಿತ್ಯ ಕೆಲಸಕ್ಕೆ ಬಂದು ಹೋಗುವವರ ಹೆಬ್ಬಾಗಿಲು ಅದು. ಆದರೆ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಭಾರತೀಯ ವೈಜ್ಞಾನಿಕ ಕಲ್ಪನೆಯ ಹಲವು ನೆಲೆಗಳಿವೆ. ಉತ್ತರಕ್ಕೆ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ ಜಗದೀಶಚಂದ್ರ ಬೋಸರ ಮನೆಯೂ ಅವರು 1917ರಲ್ಲಿ ಸ್ಥಾಪಿಸಿದ ಬೋಸ್ ಸಂಸ್ಥೆಯೂ ಇವೆ. ಇದೇ ಬೋಸರು 1896ರಲ್ಲಿ ಬರೆದ ಕತೆಯೊಂದರಲ್ಲಿ ತಲೆಗೆ ಹಚ್ಚುವ ಎಣ್ಣೆಯ ಒಂದು ಶೀಶೆ ಸಮುದ್ರದ ಚಂಡಮಾರುತವನ್ನೇ ಅಡಗಿಸುತ್ತದೆ; ಬಂಗಾಳಿ ವಿಜ್ಞಾನಕಥೆಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಪಶ್ಚಿಮಕ್ಕೆ ಚಾಚಿದ ಬೌಬಜಾರ್ ಬೀದಿಯ 210ನೆಯ ಸಂಖ್ಯೆಯ ಕಟ್ಟಡದಲ್ಲಿ, ಮುಂದೆ ಬೆಂಗಳೂರಿನವರೇ ಆದ ಸಿ.ವಿ. ರಾಮನ್ನರು 1928ರ ಫೆಬ್ರುವರಿ 28ರಂದು ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ಅದ್ರೀಶ್ ಬರ್ಧನ್ 1963ರ ಜನವರಿಯಲ್ಲಿ ಆರಂಭಿಸಿದ ‘ಆಶ್ಚರ್ಯ’ ಎಂಬ ಬಂಗಾಳಿ ವಿಜ್ಞಾನಕಥಾ ಮಾಸಪತ್ರಿಕೆ ಹೊರಬರುತ್ತಿದ್ದುದು ಸಿಯಾಲ್ದಾಕ್ಕೆ ಹತ್ತಿರದ ಸರ್ಪೆಂಟೈನ್ ಲೇನಿನಿಂದ. ವಿಜ್ಞಾನಕಥೆಗೆ ಬಂಗಾಳಿಯಲ್ಲಿ ಇಂದು ನೆಲೆನಿಂತಿರುವ ‘ಕಲ್ಪವಿಜ್ಞಾನ’ ಎಂಬ ಹೆಸರೂ ಅವರದೇ.

‘ಆಶ್ಚರ್ಯ’ದ ಬಳಗ ಕೂಡಿ ಮಾಡುವ ಕೆಲಸದಲ್ಲಿ ನಂಬಿಕೆಯಿಟ್ಟಿತ್ತು. ಸತ್ಯಜಿತ್ ರಾಯ್ ಅಧ್ಯಕ್ಷರಾಗಿ 1966ರಲ್ಲಿ ವಿಜ್ಞಾನಕಥಾ ಚಲನಚಿತ್ರಗಳ ಸಂಘವೊಂದು ಹುಟ್ಟಿತು. ಅದೇ ವರ್ಷ ಕಲ್ಕತ್ತೆಯ ಆಕಾಶವಾಣಿಯಲ್ಲಿ ಪ್ರಸಾರವಾದ ‘ಸಬುಜ್ ಮಾನುಷ್’ (ಹಸಿರು ಮನುಷ್ಯ) ಕತೆಯನ್ನು ಪ್ರೇಮೇಂದ್ರ ಮಿತ್ರ, ಅದ್ರೀಶ್ ಬರ್ಧನ್, ದಿಲೀಪ್ ರಾಯಚೌಧುರಿ, ಸತ್ಯಜಿತ್ ರಾಯ್ ಈ ನಾಲ್ವರು ಭಾಗ ಹಂಚಿಕೊಂಡು ಬರೆದರು. ಒಂದೇ ಕಲ್ಪಿತ ಲೋಕದ ಕಟ್ಟಳೆಗೆ ಒಳಪಟ್ಟು ನಾಲ್ಕು ಮನಸ್ಸುಗಳು ತಂತಮ್ಮ ನಡೆ ಇಡುವುದು ಸಾಹಿತ್ಯದಲ್ಲಿ ಸಾಧ್ಯವಾದ ಈ ನೆರೆಹೊರೆಯಲ್ಲಿ, ಮೇಜಿನ ಮೇಲಿನ ನೌಕಾಕದನಕ್ಕೆ ಬೇಕಾದ ಮಣ್ಣು ಹದವಾಗಿಯೇ ಇದೆ.

ಸಾಮಗ್ರಿಯ ವಿಷಯದಲ್ಲಿಯೂ ಈ ಜಾಗ ಉದಾರಿ. ಸಿಯಾಲ್ದಾದ ಪಕ್ಕದ ಬೈಠಕ್‌ಖಾನಾ, ಆಲದ ಮರದಡಿ ವರ್ತಕರು ಕೂಡುತ್ತಿದ್ದ ಕಟ್ಟೆಯಿಂದ ಹೆಸರು ಪಡೆದದ್ದೆಂಬ ಪ್ರತೀತಿಯುಳ್ಳ ಪೇಟೆ, ಇಂದು ಕಾಗದ, ರಟ್ಟು, ಆಮಂತ್ರಣಪತ್ರಗಳ ಸಗಟು ವ್ಯಾಪಾರಕ್ಕೆ ಹೆಸರಾಗಿದೆ. ಪರದೇಶದಿಂದ ಲೋಹದ ನೌಕೆಗಳನ್ನು ತರಿಸಲು ಸುಂಕ, ಸಾಗಣೆ ಸೇರಿ ಬೆಲೆ ಏರುವುದರಿಂದ, ದಪ್ಪ ರಟ್ಟಿನಲ್ಲಿ ಕತ್ತರಿಸಿದ ನೌಕೆಗಳನ್ನು ಸಣ್ಣ ಕಡ್ಡಿಯ ಮೇಲೆ ನಿಲ್ಲಿಸಿ ಆಡುವುದೇ ಆರಂಭಕ್ಕೆ ಉಚಿತ. ಎಂಟು ಜನರ ಆಟದ ನೌಕೆಗಳು, ನೌಕೆಯ ಸ್ಥಿತಿ ಗುರುತಿಸುವ ನೌಕಾಪತ್ರಗಳು, ಆಜ್ಞೆ ಬರೆಯುವ ಚೀಟಿಗಳು ಎಲ್ಲಕ್ಕೂ ಬೇಕಾದದ್ದನ್ನು ಆ ಒಂದು ಪೇಟೆಯಲ್ಲಿಯೇ ಕೊಳ್ಳಬಹುದು.

ಒಂದು ನೌಕೆ, ಒಂದು ಸುತ್ತು

ಬಾಹ್ಯಾಕಾಶ ನೌಕೆಗಳ ಕದನದಾಟಗಳು 1970ರ ದಶಕದಿಂದ ಈಚೆಗೆ ಬೆಳೆದವು. ಅಮೆರಿಕದ ‘ಟ್ರೈಪ್ಲಾನೆಟರಿ’ (1973) ಜಡತ್ವವನ್ನು, ಎಂದರೆ ಬಲ ಬೀಳದ ಹೊರತು ವಸ್ತು ತನ್ನ ವೇಗವನ್ನೂ ದಿಕ್ಕನ್ನೂ ಬಿಡದಿರುವ ಗುಣವನ್ನು, ಹಲಗೆಯ ಮೇಲೆ ಬಾಣದ ಗೆರೆಗಳಿಂದ ತೋರಿಸಿತು. ‘ಸ್ಟಾರ್ ಫ್ಲೀಟ್ ಬ್ಯಾಟಲ್ಸ್’ (1979) ಒಂದು ಸುತ್ತನ್ನು 32 ಕ್ಷಣಗಳಾಗಿ ಒಡೆದು ಅತ್ಯಂತ ವಿವರವಾದ ಕದನವನ್ನು ಕಟ್ಟಿತು. ಪಳಗಿದ ಇಬ್ಬರಿಗೆ ಅದು ರಸದೌತಣವಾದರೂ ಮಿಶ್ರಗುಂಪಿಗೆ ಒಗ್ಗುವುದಿಲ್ಲ. ಬ್ರಿಟನ್ನಿನ ಜಾನ್ ಟಫ್ಲಿ 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಫುಲ್ ತ್ರಸ್ಟ್’ ಇವೆರಡರ ನಡುವಿನ ದಾರಿ. ಅದರ ನಿಯಮಗಳನ್ನು ಪ್ರಕಾಶಕರೇ ಉಚಿತವಾಗಿ ಓದಲು ಬಿಟ್ಟಿದ್ದಾರೆ, ಯಾವ ತಯಾರಕರ ನೌಕೆಗಳನ್ನು ಬಳಸಿದರೂ ಅಡ್ಡಿಯಿಲ್ಲ, ಅಳತೆಯ ಮಾನವನ್ನು ಅಂಗುಲದ ಬದಲು ಸೆಂಟಿಮೀಟರ್ ಮಾಡಿಕೊಂಡರೆ ಊಟದ ಮೇಜೂ ಸಾಕಾಗುತ್ತದೆ.

ಅದರ ಮೂಲನಿಯಮದಲ್ಲಿ ಪ್ರತಿ ನೌಕೆಗೆ ಒಂದು ವೇಗವೂ ಒಂದು ನೂಕುಬಲವೂ ಇರುತ್ತವೆ. ಹಿಂದಿನ ಸುತ್ತಿನ ವೇಗ ಮುಂದಿನ ಸುತ್ತಿಗೂ ಹಾಗೆಯೇ ದಾಟುತ್ತದೆ. ನೂಕುಬಲ ಖರ್ಚಾಗುವುದು ವೇಗ ಬದಲಿಸಲು ಮತ್ತು ತಿರುಗಲು ಮಾತ್ರ. ದಿಕ್ಕುಗಳು ಗಡಿಯಾರದ ಮುಖದಂತೆ ಹನ್ನೆರಡು, ಒಂದೊಂದರ ನಡುವೆ 30 ಡಿಗ್ರಿ. ನೂಕುಬಲ ನಾಲ್ಕಿರುವ ಯುದ್ಧನೌಕೆಯೊಂದು ಹತ್ತರ ವೇಗದಲ್ಲಿ ಸಾಗುತ್ತಿದೆ ಎಂದಿಟ್ಟುಕೊಂಡರೆ, ಅದರ ಕಪ್ತಾನ ಚೀಟಿಯ ಮೇಲೆ ‘ಎಡಕ್ಕೆ ಎರಡು, ವೇಗ ಎರಡು ಹೆಚ್ಚು’ ಎಂದು ಬರೆಯುತ್ತಾನೆ. ನೂಕುಬಲದ ಅರ್ಧಕ್ಕಿಂತ ಹೆಚ್ಚನ್ನು ತಿರುಗಲು ಬಳಸುವಂತಿಲ್ಲವಾದ್ದರಿಂದ ಈ ಆಜ್ಞೆ ಅವನ ಮಿತಿಯ ಅಂಚಿನಲ್ಲಿದೆ. ಎಲ್ಲರೂ ಬರೆದು ಮುಗಿಸಿದ ಮೇಲೆ ಚೀಟಿಗಳು ತೆರೆದುಕೊಳ್ಳುತ್ತವೆ: ಅವನ ನೌಕೆ 30 ಡಿಗ್ರಿ ಎಡಕ್ಕೆ ತಿರುಗಿ, ಆರು ಮಾನ ಮುಂದೆ ಹೋಗಿ, ಇನ್ನೊಮ್ಮೆ 30 ಡಿಗ್ರಿ ತಿರುಗಿ, ಮತ್ತೆ ಆರು ಮಾನ ಸಾಗುತ್ತದೆ. ಬರೆಯುವಾಗ ಶತ್ರು ಎಲ್ಲಿದ್ದನೆಂಬುದು ಕಾಣುತ್ತಿತ್ತು, ತಾನು ತಲಪುವ ಹೊತ್ತಿಗೆ ಅವನು ಎಲ್ಲಿರುವನೆಂಬುದು ಕಾಣದು. ವೇಗ ಹೆಚ್ಚಿಸಿಕೊಂಡ ಹೊಸಬರ ನೌಕೆ ಶತ್ರುವಿನ ಪಕ್ಕದಿಂದ ಸುಯ್ಯನೆ ಹಾದು ಮೇಜಿನ ಇನ್ನೊಂದು ಅಂಚಿಗೆ ಹೋಗಿಬಿಡುವುದು ಮೊದಲ ಆಟದಲ್ಲಿ ಸಾಮಾನ್ಯ. ಚಂದ್ರಯಾನ–3ರ ಇಳಿತವನ್ನು 2023ರ ಆಗಸ್ಟ್ 23ರಂದು ಬಿಡುಗಣ್ಣಿನಿಂದ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ: ಸೆಕೆಂಡಿಗೆ ಸುಮಾರು 1.68 ಕಿಲೋಮೀಟರಿನ ವೇಗವನ್ನು ಕಳೆಯಲು ಅದರ ಇಳಿನೌಕೆ ವಿಕ್ರಮ್ ತನ್ನ ಎಂಜಿನ್‌ಗಳನ್ನು ಉರಿಸಬೇಕಾಯಿತು, ಶೂನ್ಯದಲ್ಲಿ ನಿಲ್ಲುವುದೂ ಹೊರಡುವಷ್ಟೇ ದುಬಾರಿ.

ಗುಂಡಿನ ಲೆಕ್ಕ ಸರಳ. ಎರಡನೆಯ ದರ್ಜೆಯ ಕಿರಣಾಯುಧಕ್ಕೆ 12 ಮಾನದೊಳಗೆ ಎರಡು ದಾಳ, 12ರಿಂದ 24ರವರೆಗೆ ಒಂದು ದಾಳ. ದಾಳದಲ್ಲಿ ನಾಲ್ಕು ಅಥವಾ ಐದು ಬಿದ್ದರೆ ಒಂದು ಪೆಟ್ಟು, ಆರು ಬಿದ್ದರೆ ಎರಡು, ಉಳಿದದ್ದು ವ್ಯರ್ಥ. ಸರಾಸರಿಯಲ್ಲಿ ಒಂದು ದಾಳಕ್ಕೆ ಮೂರರಲ್ಲಿ ಎರಡು ಪಾಲು ಪೆಟ್ಟು ಬೀಳುತ್ತದೆಂದು ಶಾಲೆಯ ಹುಡುಗಿಯೂ ಲೆಕ್ಕ ಹಾಕಬಲ್ಲಳು. ಪೆಟ್ಟುಗಳನ್ನು ನೌಕಾಪತ್ರದ ಚೌಕಗಳಲ್ಲಿ ಹೊಡೆದುಹಾಕುತ್ತ ಹೋಗಿ ಒಂದು ಸಾಲು ಮುಗಿದರೆ, ನೌಕೆಯ ಪ್ರತಿ ಅಂಗಕ್ಕೂ ಒಂದೊಂದು ದಾಳ ಹಾಕಬೇಕು. ಮೊದಲ ಸಾಲಿಗೆ ಆರು ಬಿದ್ದ ಅಂಗಗಳು ಕೆಡುತ್ತವೆ, ಎರಡನೆಯದಕ್ಕೆ ಐದು, ಆರು ಎರಡೂ ಅಪಾಯ. ನೌಕೆ ಒಮ್ಮೆಲೇ ಮಾಯವಾಗದೆ ಒಂದೊಂದೇ ಆಯುಧ, ಒಂದೊಂದೇ ಎಂಜಿನ್ ಕಳೆದುಕೊಳ್ಳುತ್ತ ನರಳುವ ಈ ಕ್ರಮ ಕಪ್ತಾನನಿಗೆ ಕೊನೆಯತನಕ ಮಾಡಲು ಕೆಲಸ ಉಳಿಸುತ್ತದೆ.

ಕಾಯುವಿಕೆಯ ಹಂಚಿಕೆ

ಎಂಟು ಮಂದಿ ಒಬ್ಬರಾದ ಮೇಲೊಬ್ಬರಂತೆ ತಲಾ ಮೂರು ನಿಮಿಷ ತೆಗೆದುಕೊಂಡರೆ ಒಂದು ಸುತ್ತಿಗೆ 24 ನಿಮಿಷ ಬೇಕು, ಅದರಲ್ಲಿ ಪ್ರತಿಯೊಬ್ಬರೂ 21 ನಿಮಿಷ ಸುಮ್ಮನಿರುತ್ತಾರೆ. ಎಂಟೂ ಮಂದಿ ಒಟ್ಟಿಗೆ ಚೀಟಿ ಬರೆದರೆ ಅದೇ ಮೂರು ನಿಮಿಷದಲ್ಲಿ ಎಲ್ಲರ ಯೋಚನೆಯೂ ಮುಗಿಯುತ್ತದೆ. ಏಳು ಮಂದಿ ಆಡುವ ‘ಡಿಪ್ಲೊಮಸಿ’ ಎಂಬ ಹಲಗೆಯಾಟ 1959ರಿಂದ ಇಂದಿನವರೆಗೆ ಉಳಿದುಬಂದಿರುವುದಕ್ಕೂ ಏಕಕಾಲದ ಲಿಖಿತ ಆಜ್ಞೆಗಳೇ ಬಲವಾದ ಕಾರಣ. ಆದ್ದರಿಂದ ಯಾವ ನಿಯಮವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಕೂಟವನ್ನು ನಡೆಸಿಕೊಡುವ ಅಂಪೈರ್ ಬಳಸಬೇಕಾದ ಒರೆಗಲ್ಲು ಇದು: ಒಬ್ಬರ ತಲೆಯೊಳಗೆ ನಡೆಯುವ ತೊಡಕು ಎಷ್ಟಿದ್ದರೂ ಸಹ್ಯ, ಏಕೆಂದರೆ ಉಳಿದವರೂ ಆಗ ತಮ್ಮ ತೊಡಕಿನಲ್ಲಿರುತ್ತಾರೆ, ಮೇಜನ್ನೇ ನಿಲ್ಲಿಸಿ ಎಲ್ಲರನ್ನೂ ಕಾಯಿಸುವ ತೊಡಕು ಎಷ್ಟು ಸಣ್ಣದಾದರೂ ದುಬಾರಿ. ಜಡತ್ವದ ನಿಯಮ ಕಷ್ಟವೆನಿಸಿದರೂ ಉಳಿಯಬೇಕು. ಸಣ್ಣ ಕಾದಾಟದ ವಿಮಾನಗಳು, ಕ್ಷಿಪಣಿಗಳ ಬೆನ್ನಟ್ಟುವಿಕೆ, ಪ್ರತಿ ಹೊಡೆತಕ್ಕೂ ಮರುಹೊಡೆತ ಇವನ್ನು ಮೊದಲ ಕೂಟದಲ್ಲಿ ಕೈಬಿಡುವುದೇ ಲೇಸು. ಒಬ್ಬೊಬ್ಬರಾಗಿ ಗುಂಡು ಹಾರಿಸುವ ಮೂಲನಿಯಮವನ್ನೂ ಸಡಿಲಿಸಿ, ಎಲ್ಲರೂ ಒಮ್ಮೆಗೇ ಗುರಿ ಸಾರಿ, ಪಕ್ಕಪಕ್ಕದವರು ದಾಳ ಹಾಕಿ, ಸುತ್ತಿನ ಕೊನೆಗೆ ಪೆಟ್ಟುಗಳನ್ನು ಗುರುತಿಸಿದರೆ ಮೇಜಿನ ನಾಲ್ಕೂ ಬದಿಗಳಲ್ಲಿ ಕದನ ಒಟ್ಟಿಗೆ ಸಾಗುತ್ತದೆ.

ಹಲವರ ಆಟವನ್ನು ಕೆಡಿಸುವ ಇನ್ನೊಂದು ಅಪಾಯ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಪಳಗಿದ ಆಟಗಾರರೊಬ್ಬರು ಹೊಸಬರಿಗೆ ನೆರವಾಗಲೆಂದು ಅವರ ಚೀಟಿಯತ್ತ ಬಗ್ಗಿ ಸಲಹೆ ಕೊಡಲು ತೊಡಗಿ, ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಪಕ್ಷದ ನೌಕೆಗಳನ್ನೆಲ್ಲ ತಾವೇ ನಡೆಸುತ್ತಿರುತ್ತಾರೆ. ಹೆಸರಿಗೆ ನಾಲ್ವರು, ಆಡುವವರು ಒಬ್ಬರೇ. ಇದಕ್ಕೆ ಮದ್ದು ಮೌನ. ಪ್ರತಿ ಸುತ್ತಿನ ಮೊದಲು ಅರ್ಧ ನಿಮಿಷದ ಸಮಾಲೋಚನೆ ಎಲ್ಲರ ಕಿವಿಗೂ ಬೀಳುವಂತೆ ನಡೆದು, ಅನಂತರ ಬರೆಯುವಾಗ ಮಾತು ಕೂಡದೆಂಬ ಕಟ್ಟು ಹಾಕಿದರೆ, ಹನ್ನೆರಡು ವರ್ಷದ ಹುಡುಗನೂ ತನ್ನ ನೌಕೆಗೆ ತಾನೇ ದೊರೆ. ಸಿಯಾಲ್ದಾದಂಥ ಕಡೆ ಬಂಗಾಳಿ, ಹಿಂದಿ, ಇಂಗ್ಲಿಷ್, ಜೊತೆಗೊಬ್ಬರು ಕನ್ನಡದವರೂ ಕೂಡಿದ ಮೇಜಿನಲ್ಲಿ, ನೌಕಾಪತ್ರದ ಮೇಲೆ ಅಕ್ಷರಗಳ ಬದಲು ಚಿಹ್ನೆ ಮತ್ತು ಅಂಕಿಗಳನ್ನಷ್ಟೇ ಬಳಸುವುದೂ ಇದೇ ಸ್ವಾತಂತ್ರ್ಯಕ್ಕಾಗಿ: ನಿಯಮವನ್ನು ಅನುವಾದಿಸಿ ಹೇಳುವವರು ಬೇಕಾದರೆ ಅವರೇ ತಿಳಿಯದೆ ಆಟವನ್ನೂ ನಡೆಸತೊಡಗುತ್ತಾರೆ. ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ನಾಲ್ವರ ಚದುರಂಗದ ಕೆಂಪು ಮತ್ತು ಹಸಿರು ಪಕ್ಕಪಕ್ಕದ ವೈರಿಗಳು, ಬಣ್ಣಗುರುಡಿನಲ್ಲಿ ಅತಿ ಸಾಮಾನ್ಯವಾದದ್ದು ಆ ಎರಡನ್ನೇ ಬೇರ್ಪಡಿಸಲಾಗದಿರುವುದು. ನೌಕೆಯ ಪೀಠವನ್ನು ಒಂದು ಪಕ್ಷಕ್ಕೆ ದುಂಡಗೆ, ಇನ್ನೊಂದಕ್ಕೆ ಚೌಕವಾಗಿ, ಮತ್ತೊಂದಕ್ಕೆ ತ್ರಿಕೋನವಾಗಿ ಕತ್ತರಿಸಿದರೆ ಈ ತೊಂದರೆ ಇರುವುದಿಲ್ಲ.

ಪಳಗಿದವರಿಗೆ ದುರ್ಬಲ ನೌಕೆ ಕೊಟ್ಟು ಸಮತೋಲ ಸಾಧಿಸುವುದು ರೂಢಿಯಲ್ಲಿದೆಯಾದರೂ ಅದು ಅವರಿಗೆ ಶಿಕ್ಷೆಯಂತೆ ತೋರುತ್ತದೆ. ಅವರಿಗೆ ಹೊಣೆ ಹೆಚ್ಚಿಸುವುದು ಮೇಲು: ಇಂಧನದ ಮಿತಿಯುಳ್ಳ, ಹಲವು ಅಂಗಗಳ ದೊಡ್ಡ ನೌಕೆ ಅವರಿಗಿರಲಿ, ನಡೆಸಲು ಸುಲಭವಾದ ಸಣ್ಣ ನೌಕೆ ಹೊಸಬರಿಗಿರಲಿ.

ಈ ವಿಚಾರಗಳನ್ನೆಲ್ಲ ಒಟ್ಟಿಗೆ ಹಿಡಿಯಬಲ್ಲ ಕಥಾವಸ್ತು ಕಲ್ಕತ್ತೆಯ ಸಮುದ್ರದ್ದೇ ಇದೆ. ಜರ್ಮನಿಯ ‘ಎಂಡೆನ್’ ಎಂಬ ಲಘು ಯುದ್ಧನೌಕೆ, ಕಾರ್ಲ್ ಫಾನ್ ಮ್ಯೂಲರ್ ಎಂಬ ಕಪ್ತಾನನ ಕೈಯಲ್ಲಿ, 1914ರ ಸೆಪ್ಟೆಂಬರ್ 10ರಿಂದ ಕೆಲವೇ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಕಲ್ಕತ್ತೆಯ ಮಾರ್ಗದ ಸರಕು ಹಡಗುಗಳನ್ನು ಒಂದಾದ ಮೇಲೊಂದರಂತೆ ಹಿಡಿದು ಮುಳುಗಿಸಿತು. ಸಿಬ್ಬಂದಿಯನ್ನು ಕೊಲ್ಲದೆ, ‘ಕಬಿಂಗ’ ಎಂಬ ಹಡಗಿನಲ್ಲಿ ಸೆರೆಯಾಳುಗಳನ್ನೆಲ್ಲ ತುಂಬಿ ಬಿಟ್ಟುಕಳುಹಿಸಿದ ಮ್ಯೂಲರನ ನಡತೆಯನ್ನು ಶತ್ರುಗಳೂ ಮೆಚ್ಚಿದರು. ಆಗ ತಟಸ್ಥವಾಗಿದ್ದ ಇಟಲಿಯ ‘ಲೊರೆದಾನೊ’ ಎಂಬ ಹಡಗು ಎಂಡೆನ್ನನ್ನು ಕಂಡು ದಾಟಿಹೋಗಿ ಸುದ್ದಿ ಮುಟ್ಟಿಸಿತು. ಕಲ್ಕತ್ತೆಯಿಂದ ಹಡಗುಗಳು ಹೊರಡುವುದು ಕೆಲಕಾಲ ನಿಂತಿತು. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಸುರಿಸಿದ ಎಂಡೆನ್, ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ನೌಕೆಗೆ ಸಿಕ್ಕಿ ನಾಶವಾಯಿತು.

ಈ ಪ್ರಸಂಗವನ್ನು ಅಂತರಿಕ್ಷಕ್ಕೆ ಏರಿಸಿದರೆ ಎಂಟು ಮಂದಿಗೆ ಎಂಟು ಬಗೆಯ ಕೆಲಸ ಹುಟ್ಟುತ್ತದೆ. ಒಂಟಿ ದಾಳಿಕೋರ ನೌಕೆ, ನೂಕುಬಲ ಆರು, ಆದರೆ ಇಡೀ ಆಟಕ್ಕೆ ಎಣಿಸಿಕೊಟ್ಟ ಇಂಧನ. ಅದು ಅತ್ಯಂತ ಪಳಗಿದವರಿಗೆ. ನೂಕುಬಲ ಎರಡರ ನಾಲ್ಕು ಸರಕು ನೌಕೆಗಳು ನಾಲ್ವರು ಹೊಸಬರಿಗೆ, ಅವರು ಒಟ್ಟಾಗಿ ಸಾಗಬೇಕೋ ಚದುರಬೇಕೋ ಎಂಬುದನ್ನು ತಾವೇ ನಿರ್ಧರಿಸಬೇಕು, ಎದುರಿನ ಅಂಚು ತಲಪಿದವರಿಗೆ ಅಂಕ. ಬೇಟೆಗೆ ಬರುವ ಎರಡು ಯುದ್ಧನೌಕೆಗಳ ಕಪ್ತಾನರಲ್ಲಿ ದಾಳಿಕೋರನನ್ನು ಹೊಡೆದವರಿಗಷ್ಟೇ ಪೂರ್ಣ ಅಂಕ ಸಿಗುವುದರಿಂದ ಮಿತ್ರರಾಗಿಯೂ ಅವರು ಪೈಪೋಟಿಯಲ್ಲಿರುತ್ತಾರೆ, ಬಂಗಾಳದ ಸಿಂಹಾಸನದ ನಿಯಮ ಬಯಸಿದ್ದೂ ಇಂಥದ್ದನ್ನೇ. ಎಂಟನೆಯದು ಲೊರೆದಾನೊದ ಪಾತ್ರ: ಆಯುಧವಿಲ್ಲದ ತಟಸ್ಥ ನೌಕೆ, ತಾನು ಕಂಡದ್ದನ್ನು ಬರೆದ ಚೀಟಿಯಾಗಿ ಯಾರಿಗೆ ಯಾವಾಗ ಮುಟ್ಟಿಸಬೇಕೆಂಬ ಆಯ್ಕೆಯೇ ಅದರ ಶಕ್ತಿ. ಗುಂಡು ಹಾರಿಸುವುದರಲ್ಲಿ ಆಸಕ್ತಿಯಿಲ್ಲದ, ಆದರೆ ಜನರನ್ನು ಓದಬಲ್ಲ ಆಟಗಾರರಿಗೆ ಇದಕ್ಕಿಂತ ತಕ್ಕ ಪಾತ್ರವಿಲ್ಲ, ಆಟದ ದಿಕ್ಕನ್ನು ಬಹುಪಾಲು ತಿರುಗಿಸುವವರೂ ಅವರೇ. ನೌಕೆ ಕಳೆದುಕೊಂಡ ಸರಕು ಕಪ್ತಾನರು, ನೃಪಾಕೃಷ್ಟದ ಮಾದರಿಯಲ್ಲಿ, ಎರಡು ಸುತ್ತಿನ ನಂತರ ರಕ್ಷಣಾ ನೌಕೆಯೊಂದರ ಚುಕ್ಕಾಣಿ ಹಿಡಿದು ಮೇಜಿಗೆ ಮರಳಬಹುದು.

ಸಿಯಾಲ್ದಾದ ಕೂಟಕ್ಕೆ ಮಾತ್ರ ಇರುವ ಇನ್ನೊಂದು ಕಟ್ಟು ರೈಲಿನದು. ಅಲ್ಲಿಂದ ಕೃಷ್ಣನಗರ, ಬನಗಾಂವ್ ಕಡೆಗೂ ಕ್ಯಾನಿಂಗ್, ಡೈಮಂಡ್ ಹಾರ್ಬರ್ ಕಡೆಗೂ ಹೋಗುವ ಲೋಕಲ್‌ಗಳ ವೇಳೆ ಬೇರೆಬೇರೆ. ಎಂಟೂ ಮಂದಿ ಒಂದೇ ಗಳಿಗೆಗೆ ಏಳುವುದು ಸಾಧ್ಯವಿಲ್ಲ. ಬೆಳಕಿನ ವೇಗವನ್ನು ಮೀರಿ ಜಿಗಿದು ರಣರಂಗದಿಂದ ಹೊರಹೋಗುವ ಅವಕಾಶ ‘ಫುಲ್ ತ್ರಸ್ಟ್’ನ ನಿಯಮದಲ್ಲಿಯೇ ಇರುವುದು ಇಲ್ಲಿ ವರವಾಗುತ್ತದೆ. ಬೇಗ ಹೊರಡಬೇಕಾದವರು ಒಂದು ಸುತ್ತು ಮೊದಲೇ ಸಾರಿ, ಅಲ್ಲಿಯವರೆಗೆ ಗಳಿಸಿದ ಅಂಕದೊಂದಿಗೆ ಜಿಗಿಯುತ್ತಾರೆ. ತಡವಾಗಿ ಬಂದವರು ಮೇಜಿನ ಅಂಚಿನಿಂದ ಹೊಸ ನೌಕೆಯೊಂದಿಗೆ ಒಳಬರುತ್ತಾರೆ. ಕೊನೆಯ ಸುತ್ತು ಯಾವುದೆಂದು ಅಂಪೈರ್ ಎರಡು ಸುತ್ತು ಮುಂಚೆಯೇ ಹೇಳಬೇಕು, ಇಲ್ಲವಾದರೆ ಅದುವರೆಗೆ ಎಚ್ಚರದಿಂದ ಆಡಿದವರಿಗೆ ಅನ್ಯಾಯವಾಗುತ್ತದೆ. ಆಟ ಮುಗಿದ ಮೇಲೆ ಎಲ್ಲರ ಚೀಟಿಗಳನ್ನು ಸುತ್ತುಗಳ ಕ್ರಮದಲ್ಲಿ ಜೋಡಿಸಿ ಓದಿದರೆ, ಮೂರನೆಯ ಸುತ್ತಿನಲ್ಲಿ ಮಿತ್ರನೌಕೆ ಏಕೆ ಬಲಕ್ಕೆ ಸರಿಯಿತು, ತಟಸ್ಥರ ಸುದ್ದಿ ಯಾರ ಕೈಗೆ ಹೋಯಿತು ಎಂಬುದೆಲ್ಲ ಹೊರಬೀಳುತ್ತದೆ. ಯಾರ ಚೀಟಿಗಳಲ್ಲಿ ‘ಬದಲಾವಣೆ ಇಲ್ಲ’ ಎಂಬುದೇ ಮತ್ತೆ ಮತ್ತೆ ಕಾಣುತ್ತದೋ, ಆ ಕಪ್ತಾನರಿಗೆ ಮಾಡಲು ಕೆಲಸವಿರಲಿಲ್ಲವೆಂದು ತಿಳಿದು, ಮುಂದಿನ ಕೂಟದಲ್ಲಿ ಅಂಪೈರ್ ಮೊದಲು ತಿದ್ದಬೇಕಾದದ್ದು ಅವರ ನೌಕಾಪತ್ರವನ್ನು.